ಮೈಕಿನಲ್ಲಿ ಮಾವನ ಹೆಸರು

ಹೋಟೆಲಿನವರ ಪ್ರಕಾರ ನಾನು ಪರದೇಶಕ್ಕೆ ಬಂದಿದ್ದು ನನ್ನ ಮಾವನವರ ಜೊತೆ. ಮಾವನವರು ತೀರಿಕೊಂಡು ಇಪ್ಪತ್ತಾರು ವರ್ಷವಾಯಿತು. ಬದುಕಿದ್ದಾಗ ನಮ್ಮ ಬೀದಿಯ ತಿರುವು ದಾಟುವುದಕ್ಕೂ ಬೇಸರಪಡುತ್ತಿದ್ದ ಮನುಷ್ಯ. ಆದರೆ ಪಾಸ್‌ಪೋರ್ಟಿನಲ್ಲಿ ಹಾಗೆ ಬಿದ್ದುಬಿಟ್ಟಿದೆ, ಏನು ಮಾಡುವುದು.

ತಪ್ಪು ಯಾರದು ಅಂತ ಹೇಳುವುದೂ ಕಷ್ಟ. ನಮ್ಮ ಜನಕ್ಕೆ ಇರುವುದು ಒಂದು ಹೆಸರು, ಅದರ ಮುಂದೆ ಒಂದೋ ಎರಡೋ ಇನಿಷಿಯಲ್. ಅಷ್ಟರಲ್ಲೇ ಓದಿ, ಮದುವೆಯಾಗಿ, ಮಕ್ಕಳನ್ನು ಹೆತ್ತು, ಪಿಂಚಣಿಗೂ ಸಹಿ ಹಾಕುತ್ತೇವೆ. ಪಾಸ್‌ಪೋರ್ಟಿನ ಅರ್ಜಿಗೆ ಅದು ಸಾಲದು. ಚುಕ್ಕಿ ಇಟ್ಟ ಅಕ್ಷರ ಆಗುವುದಿಲ್ಲ, ಬಿಡಿಸಿ ಬರೆಯಬೇಕು, ಬಿಡಿಸಿದ್ದನ್ನು ಎರಡು ಕಾಲಮ್ಮಿಗೆ ಹಂಚಬೇಕು. ಅರ್ಜಿ ತುಂಬಿಕೊಡುವ ಅಂಗಡಿಯವನು ಅದಕ್ಕೊಂದು ಸುಲಭದ ದಾರಿ ಇಟ್ಟುಕೊಂಡಿದ್ದ. ಸರ್‌ನೇಮ್ ಅಂದರೆ ಗಂಡಸರಿಗೆ ಅಪ್ಪನ ಹೆಸರು, ಹೆಂಗಸರಿಗೆ ಗಂಡನ ಹೆಸರು. ಟಕಟಕ ಅಂತ ಒತ್ತಿ ಕಳಿಸಿಯೇಬಿಟ್ಟ. ಆಗ ನಮಗೂ ಸರಿಯೇ ಅನ್ನಿಸಿತ್ತು. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, ಇಲ್ಲಿಯವರು ಮರ್ಯಾದೆ ಕೊಟ್ಟು ಕರೆಯುವುದು ಆ ಸರ್‌ನೇಮಿನಿಂದಲೇ. ಹಾಗಾಗಿ ಹೋದ ಹೋದ ಕೌಂಟರಿನಲ್ಲೆಲ್ಲ ನಮ್ಮವರನ್ನು ಅವರಪ್ಪನ ಹೆಸರಿನಿಂದ ಕರೆದರು, ನನ್ನನ್ನು ನಮ್ಮವರ ಹೆಸರಿನಿಂದ ಕರೆದರು. ನನಗೂ ಒಂದು ಹೆಸರಿದೆ ಅನ್ನುವುದು ಯಾರ ಬಾಯಲ್ಲೂ ಬರಲಿಲ್ಲ.

ಮೊದಲ ಹೋಟೆಲಿನಲ್ಲಿ ಬೀಗದ ಕಾರ್ಡು ಕೊಡುವವನು ನಾಲಿಗೆ ತಿರುಚಿಕೊಂಡು ಮಾವನವರ ಹೆಸರು ಕೂಗಿದಾಗ ಇವರು ಗಕ್ಕನೆ ಹಿಂದಕ್ಕೆ ತಿರುಗಿ “ಅಪ್ಪ ಎಲ್ಲಿ?” ಅಂದರು. ನಮ್ಮ ಗುಂಪಿನ ಇಪ್ಪತ್ತೆರಡು ಜನರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರೂ ನಕ್ಕರು. ಆದರೆ ಎಲ್ಲರೂ ನಗಲು ಶುರುಮಾಡಿದ ಮೇಲೆ, ಒಂದು ಸಲ ಅವರ ಮುಖಗಳನ್ನೆಲ್ಲ ನೋಡಿಕೊಂಡು ನಕ್ಕರು. ಅದನ್ನು ಗಮನಿಸಿದ್ದು ನಾನೊಬ್ಬಳೇ.

ನಮ್ಮವರು ಮೂವತ್ತಮೂರು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಗಾಜಿನ ಕೋಣೆಯೊಳಗೆ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ ಅಂತ ಮೈಕಿನಲ್ಲಿ ಹೇಳುವ ಕೆಲಸ. ಮನೆಯಲ್ಲಿ ಅರ್ಧ ಮಾತು ನುಂಗುವ ಮನುಷ್ಯ, ಮೈಕಿನ ಮುಂದೆ ಕೂತರೆ ಕಂಚಿನ ಕಂಠ. ಊರಿಗೆಲ್ಲ ಅವರು ಮೈಕಣ್ಣ. ಬಸ್ಸು ಕೂಗಿದ್ದಕ್ಕಿಂತ ಕಳೆದುಹೋದವರನ್ನು ಕೂಗಿದ್ದರಿಂದಲೇ ಅವರಿಗೆ ಆ ಹೆಸರು ಬಂತು. ಜಂಗುಳಿಯಲ್ಲಿ ಕೈ ತಪ್ಪಿದ ಮಕ್ಕಳು, ಬಸ್ಸು ತಪ್ಪಿಸಿಕೊಂಡ ಅಜ್ಜಂದಿರು, ಎಲ್ಲರನ್ನೂ ಒಂದೇ ಹದದಲ್ಲಿ ಕರೆಯುತ್ತಿದ್ದರು. ಇಂಥವರು ಎಲ್ಲಿದ್ದರೂ ವಿಚಾರಣಾ ಕೊಠಡಿಗೆ ಬರಬೇಕು, ನಿಮ್ಮವರು ಕಾಯುತ್ತಿದ್ದಾರೆ.

ಒಮ್ಮೆ ಹಸಿರು ಸೀರೆಯ ಹೆಂಗಸೊಬ್ಬಳು ಅಳುತ್ತ ಬಂದು, ಮೈಕು ತನಗೇ ಕೊಡಿ, ತಾನೇ ಗಂಡನನ್ನು ಕರೆಯುತ್ತೇನೆ ಅಂತ ಹಟ ಹಿಡಿದಳಂತೆ. ಇವರು ಮೈಕು ಬಿಟ್ಟುಕೊಡುವವರಲ್ಲ. “ಹೆಸರು ಹೇಳಿ, ನಾನು ಕರೀತೀನಿ” ಅಂದರಂತೆ. ಅವಳಿಗೋ ಗಂಡನ ಹೆಸರು ಹೇಳಲು ನಾಚಿಕೆ. ಕೊನೆಗೆ ಇವರು, ಹಸಿರು ಸೀರೆಯವರ ಯಜಮಾನರು ಎಲ್ಲಿದ್ದರೂ ಬರಬೇಕು ಅಂತ ಕೂಗಿದರು. ಏಳು ಜನ ಗಂಡಸರು ಓಡಿಬಂದರಂತೆ. ಈ ಕಥೆಯನ್ನು ನಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು, ಪ್ರತಿ ಸಲವೂ ಏಳು ಅನ್ನುವಾಗ ಬೆರಳು ಎತ್ತಿ ತೋರಿಸುತ್ತಿದ್ದರು.

ಅವರಿಗೆ ಇನ್ನೂ ಎರಡು ನಿಯಮಗಳಿದ್ದವು. ಕಳೆದುಹೋದವರು ನಿಂತಲ್ಲೇ ನಿಲ್ಲಬೇಕು, ತಿರುಗುವುದೇನಿದ್ದರೂ ಹುಡುಕುವವರ ಕೆಲಸ. ಇನ್ನೊಂದು, ಮೈಕು ಸರಿಯಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಧ್ವನಿವರ್ಧಕದ ಕೊನೆಯ ಹಾರ್ನಿನ ಕೆಳಗೆ ಹೋಗಿ ನಿಲ್ಲಬೇಕು, ಅಲ್ಲಿಗೆ ಕೇಳಿಸಿದರೆ ಎಲ್ಲರಿಗೂ ಕೇಳಿಸಿದ ಹಾಗೆ. ನಿವೃತ್ತಿಯಾದ ಮೇಲೂ ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ, ಮೂತ್ರಾಲಯದ ಪಕ್ಕದ ಕೊನೆಯ ಹಾರ್ನಿನ ಕೆಳಗೆ ನಿಂತು, ಹೊಸ ಕಂಟ್ರೋಲರ್ ‘ಹ’ಕಾರ ನುಂಗುತ್ತಾನೆ ಅಂತ ಬೈದುಕೊಂಡು ಬರುತ್ತಿದ್ದರು. ಆ ಜಾಗದ ವಾಸನೆಗೆ ಎರಡು ನಿಮಿಷ ನಿಲ್ಲುವುದೂ ಕಷ್ಟ, ಇವರು ಗಂಟೆಗಟ್ಟಲೆ ನಿಲ್ಲುತ್ತಿದ್ದರು.

ಎರಡು ವರ್ಷದಿಂದ ಇವರಿಗೆ ಮರೆವು. ವಯಸ್ಸಾದವರ ಮರೆವಲ್ಲ, ಬೇರೆಯದು. ಮೊದಲು ಸಾಮಾನಿನ ಹೆಸರು ಹೋಯಿತು, ಆಮೇಲೆ ಬೀದಿ ಹೋಯಿತು, ಒಂದು ದಿನ ನಮ್ಮ ಮನೆಯ ಬಾಗಿಲಲ್ಲೇ ನಿಂತು ಬೆಲ್ ಒತ್ತಿ, ಈ ಮನೆ ಬಾಡಿಗೆಗೆ ಇದೆಯಾ ಅಂತ ಕೇಳಿದರು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಹೊಸ ಜಾಗಗಳಿಗೆ ಕರೆದುಕೊಂಡು ಹೋಗಬೇಡಿ ಅಂದರು. ಅದನ್ನು ಕೇಳಿಸಿಕೊಂಡು ಬಂದು ನಾನು ಮಾಡಿದ್ದು ಪರದೇಶ ಪ್ರವಾಸಕ್ಕೆ ಹೆಸರು ಕೊಟ್ಟಿದ್ದು.

ಹುಚ್ಚಲ್ಲ ನನಗೆ. ಅವರ ಗಾಜಿನ ಕೋಣೆಯಲ್ಲಿ ಒಂದು ಹಳೆಯ ಕ್ಯಾಲೆಂಡರ್ ಇತ್ತು, ತಾರೀಕಿನ ಹಾಳೆಗಳೆಲ್ಲ ಹರಿದುಹೋದರೂ ಚಿತ್ರ ಮಾತ್ರ ಉಳಿದುಕೊಂಡಿತ್ತು. ಕಲ್ಲು ಹಾಸಿದ ಚೌಕ, ಅದರ ನಡುವೆ ಎತ್ತರದ ಗಡಿಯಾರದ ಗೋಪುರ, ಸುತ್ತ ಕೆಂಪು ಹೆಂಚಿನ ಮನೆಗಳು. ಮೂವತ್ತಮೂರು ವರ್ಷ ಬೇರೆಯವರನ್ನು ಊರೂರಿಗೆ ಕಳಿಸಿದ ಮನುಷ್ಯ ಆ ಒಂದು ಚಿತ್ರ ನೋಡಿಕೊಂಡು, “ಈ ಊರಿಗೆ ಯಾವ ಅಂಕಣದಿಂದ ಬಸ್ಸು ಬಿಡಬೇಕೋ” ಅಂತ ತಮಾಷೆ ಮಾಡುತ್ತಿದ್ದರು. ಪ್ರವಾಸದವರ ಜಾಹೀರಾತಿನಲ್ಲಿ ಅದೇ ಗೋಪುರ ಕಂಡಿತ್ತು. ನೋಡಿದ್ದು ನೋಡಿದ ಹಾಗೆ ತಲೆಯಲ್ಲಿ ನಿಲ್ಲುತ್ತಿರುವಾಗಲೇ ಅದನ್ನು ತೋರಿಸಿಬಿಡಬೇಕು ಅನ್ನುವುದು ನನ್ನ ಆಸೆ. ಮಗಳು ಫೋನಿನಲ್ಲಿ ಬೇಡ ಅಮ್ಮಾ ಬೇಡ ಅಂದಳು. ನಾನಿದ್ದೀನಲ್ಲ ಅಂದೆ. ಪ್ರವಾಸದ ಅರ್ಜಿಯಲ್ಲಿ ಕಾಯಿಲೆ ಏನಾದರೂ ಇದೆಯೇ ಅನ್ನುವ ಕಡೆ ಒಂದು ಗೀಟು ಎಳೆದೆ. ನಲವತ್ತು ವರ್ಷ ರವಿಕೆ ಹೊಲಿದ ಕೈ ನನ್ನದು, ಹರಿದದ್ದು ಕಾಣದ ಹಾಗೆ ಹೊಲಿಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಐದು ದಿನ ಹೊಲಿಗೆ ಬಿಚ್ಚದ ಹಾಗೆ ನೋಡಿಕೊಂಡೆ. ಬೆಳಿಗ್ಗೆ ತಿಂಡಿಯ ಕೋಣೆಯಲ್ಲಿ ಅವರ ತಟ್ಟೆಗೆ ನಾನೇ ಬಡಿಸಿದೆ, ಇಲ್ಲದಿದ್ದರೆ ಬೆಣ್ಣೆಯನ್ನು ಕಾಫಿಗೆ ಹಾಕಿಕೊಳ್ಳುತ್ತಿದ್ದರು. ಬಚ್ಚಲಿನ ನಲ್ಲಿಗಳನ್ನು ತಿರುಗಿಸಿ ಹದ ಮಾಡಿ ಅವರನ್ನು ಒಳಗೆ ಬಿಟ್ಟು, ಬಾಗಿಲ ಹೊರಗೆ ನಿಂತೆ. ಯಾರಾದರೂ ಅವರನ್ನು ಏನಾದರೂ ಕೇಳಿದರೆ ಅವರು ಬಾಯಿ ತೆಗೆಯುವ ಮುಂಚೆ ನಾನೇ ಉತ್ತರ ಹೇಳಿದೆ. ದಾರಿಯಲ್ಲಿ ಅವರ ಶರಟಿನ ತೋಳು ಹಿಡಿದುಕೊಂಡೇ ನಡೆದೆ. ಗುಂಪಿನವರು ನಮಗೆ ಹನಿಮೂನ್ ಜೋಡಿ ಅಂತ ಹೆಸರಿಟ್ಟರು. ಈ ವಯಸ್ಸಿನಲ್ಲಿ ಎಷ್ಟು ಪ್ರೀತಿ ನೋಡಿ ಅಂತ ಒಬ್ಬಾಕೆ ತನ್ನ ಗಂಡನನ್ನು ತಿವಿದಳು. ನಾನು ನಾಚಿಕೊಂಡ ಹಾಗೆ ನಟಿಸಿದೆ. ರಾತ್ರಿ ಕಾಲು ಚಾಚಿದರೆ ಸೊಂಟದಿಂದ ಕೆಳಗೆ ನನ್ನದಲ್ಲ ಅನ್ನಿಸುತ್ತಿತ್ತು.

ಆರನೆಯ ದಿನ ಗೋಪುರದ ಊರು ಬಂತು. ನಮ್ಮ ಗುಂಪನ್ನು ನಡೆಸುವವನು ಒಂದು ಕಡ್ಡಿಗೆ ಹಳದಿ ಬಾವುಟ ಕಟ್ಟಿಕೊಂಡು ಮುಂದೆ ಹೋಗುತ್ತಿದ್ದ. ಅವನನ್ನು ಎಲ್ಲರೂ ಬಾವುಟ ಅಂತಲೇ ಕರೆಯುತ್ತಿದ್ದರು. ಊರ ಸುತ್ತ ಹಳೆಯ ಕೋಟೆಗೋಡೆ, ಒಳಗೆ ಎರಡು ಜನ ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಓಣಿಗಳು. ನೆಲಕ್ಕೆ ಹಾಸಿದ ಗುಂಡುಕಲ್ಲುಗಳು ಚಪ್ಪಲಿಯ ಅಟ್ಟೆಯನ್ನೂ ದಾಟಿ ಪಾದಕ್ಕೆ ಒತ್ತುತ್ತಿದ್ದವು. ಓಣಿಗಳೆಲ್ಲ ಕೊನೆಗೆ ಚೌಕಕ್ಕೆ ಬಂದು ಬಿದ್ದವು. ಅಲ್ಲಿ ಗೋಪುರ ನಿಂತಿತ್ತು, ಕ್ಯಾಲೆಂಡರಿನಲ್ಲಿದ್ದ ಹಾಗೆಯೇ.

ಇವರು ತಲೆ ಎತ್ತಿ ನೋಡಿದರು. ಬಹಳ ಹೊತ್ತು ನೋಡಿದರು. “ಇದು ನಮ್ಮ ರೂಮಿನಲ್ಲಿತ್ತಲ್ಲೇ” ಅಂದರು. ನನಗೆ ಅಷ್ಟೇ ಸಾಕಾಗಿತ್ತು. ಕಣ್ಣೊರೆಸಿಕೊಂಡು, ಮಗಳಿಗೆ ತೋರಿಸಲು ಒಂದು ಫೋಟೋ ತೆಗೆದೆ. ಈಗ ಆ ಫೋಟೋ ನೋಡಿದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಗೋಪುರಕ್ಕೆ ಮುನ್ನೂರ ಹನ್ನೆರಡು ಮೆಟ್ಟಿಲು. ಮಂಡಿನೋವು ಅಂತ ನಾವಿಬ್ಬರೂ ಕೆಳಗೇ ಒಂದು ಬೆಂಚಿನ ಮೇಲೆ ಉಳಿದೆವು. ಬಾವುಟ ಎಲ್ಲರನ್ನೂ ಕರೆದುಕೊಂಡು ಹತ್ತಿ ಹೋಗುವ ಮುಂಚೆ, ಐದು ಗಂಟೆಗೆ ಇದೇ ಬೆಂಚಿನ ಹತ್ತಿರ ಸೇರಬೇಕು, ಐದೂವರೆಗೆ ಬಸ್ಸು ಬಿಟ್ಟು ರಾತ್ರಿಯೊಳಗೆ ಮುಂದಿನ ಊರು ಮುಟ್ಟಬೇಕು ಅಂತ ಎರಡೆರಡು ಸಲ ಹೇಳಿದ. ಆಗ ಮೂರೂ ಮುಕ್ಕಾಲು. ಬಿಸಿಲು ಚುರುಕಾಗಿತ್ತು. ಇವರು ಕೋಟು ಬಿಚ್ಚಿ ಪಕ್ಕದಲ್ಲಿಟ್ಟುಕೊಂಡರು. ನಾನು ಬೆಳಿಗ್ಗೆಯಿಂದ ತಡೆದುಕೊಂಡಿದ್ದೆ, ಇನ್ನು ಆಗುವ ಹಾಗಿರಲಿಲ್ಲ. ಶೌಚಾಲಯ ಎದುರಿಗೇ ಕಾಣುತ್ತಿತ್ತು, ಇಪ್ಪತ್ತು ಹೆಜ್ಜೆ.

“ಇಲ್ಲೇ ಕೂತಿರಿ, ಎಲ್ಲೂ ಹೋಗ್ಬೇಡಿ. ಬಂದೆ” ಅಂದೆ.

ಎದ್ದು ಹೋಗುವಾಗ ಹೋಗುತ್ತೇನೆ ಅನ್ನುವ ಬಾಯಿ ನಮ್ಮದಲ್ಲ. ಹೊರಟು ನಿಂತು ‘ಬಂದೆ’ ಅನ್ನುತ್ತೇವೆ, ಹೋಗುವುದೂ ಬರುವುದೂ ಮುಗಿದೇಹೋಯಿತು ಅನ್ನುವ ಹಾಗೆ. ಇವರು ಹೂಂ ಅಂದರು. ಒಳಗೆ ಸಾಲು ಉದ್ದವಿತ್ತು. ಹೊರಗೆ ಬಂದಾಗ ಬೆಂಚಿನ ಮೇಲೆ ಕೋಟು ಮಾತ್ರ ಇತ್ತು.

ಹೋಟೆಲಿನ ಹೆಸರು, ಬಾವುಟದ ಫೋನ್ ನಂಬರು ಬರೆದ ಚೀಟಿಯನ್ನು ನಾನೇ ಆ ಕೋಟಿನ ಒಳಜೇಬಿಗೆ ಹಾಕಿ, ಬೀಳದ ಹಾಗೆ ಎರಡು ಹೊಲಿಗೆ ಹಾಕಿದ್ದೆ. ಹೊಲಿಗೆ ಗಟ್ಟಿಯಾಗಿಯೇ ಇತ್ತು.

ಕೋಟು ಎತ್ತಿಕೊಂಡು ಚೌಕದ ನಾಲ್ಕೂ ಮೂಲೆಗೆ ಓಡಿದೆ. ಆರು ಓಣಿಗಳು ಅಲ್ಲಿಂದ ಹೊರಡುತ್ತಿದ್ದವು. ಒಂದೊಂದರ ಬಾಯಲ್ಲೂ ನಿಂತು “ರೀ” ಅಂತ ಕೂಗಿದೆ. ಮದುವೆಯಾಗಿ ನಲವತ್ತೊಂದು ವರ್ಷ ನನ್ನ ಮನೆಯಲ್ಲಿ ಈ ಒಂದಕ್ಷರಕ್ಕೆ ಆಗದ ಕೆಲಸ ಇರಲಿಲ್ಲ. ಬೀಗದ ಕೈ ಕಾಣದಿದ್ದರೂ ರೀ, ಹಾಲು ಉಕ್ಕಿದರೂ ರೀ. ಇಲ್ಲಿ ಜನ ತಿರುಗಿ ನೋಡಿ ದಾರಿ ಬಿಟ್ಟುಕೊಟ್ಟು ನಡೆದರು. ಒಬ್ಬ ಮುದುಕ ಟೋಪಿ ಎತ್ತಿ ನಮಸ್ಕರಿಸಿದ. ನನಗೆ ಅವನ ತಲೆಯ ಮೇಲೊಂದು ಮೊಟಕಬೇಕು ಅನ್ನಿಸಿತು, ಪಾಪ, ಅವನೇನು ಮಾಡಿಯಾನು.

ಗೋಪುರದ ಬಾಗಿಲಿನವನು ಟಿಕೆಟ್ ಇಲ್ಲದೆ ಹತ್ತಲು ಬಿಡಲಿಲ್ಲ. ಪಕ್ಕದಲ್ಲೇ ವಿಚಾರಣೆಯ ಕೌಂಟರಿತ್ತು. ವಿಚಾರಣೆ ಅನ್ನುವ ಬೋರ್ಡು ಓದಲು ಬರದಿದ್ದರೂ ಗಾಜಿನ ಕೋಣೆ, ಮೇಜು, ಮೇಜಿನ ಮೇಲೆ ಮೈಕು ಕಂಡೊಡನೆ ನನಗೆ ಅದು ಏನೆಂದು ಗೊತ್ತಾಯಿತು. ಮೂವತ್ತಮೂರು ವರ್ಷ ಅಂಥದ್ದೇ ಒಂದು ಕೋಣೆಗೆ ಬುತ್ತಿ ಕಳಿಸಿದವಳು ನಾನು. ಒಳಗೆ ಬೂದುಬಣ್ಣದ ಕೋಟಿನ ಹೆಂಗಸೊಬ್ಬಳು ಕೂತಿದ್ದಳು. ಕೋಟಿನ ಭುಜದ ಹೊಲಿಗೆ ನೆಟ್ಟಗಿತ್ತು, ಮುಖವೂ ಒಳ್ಳೆಯದಿತ್ತು.

ನನಗೆ ಬರುವ ಇಂಗ್ಲಿಷ್ ಇಷ್ಟು: ಹಸ್‌ಬೆಂಡ್, ಲಾಸ್ಟ್, ಪ್ಲೀಸ್. ಮರೆವಿಗೆ ಏನನ್ನುತ್ತಾರೋ ಗೊತ್ತಿಲ್ಲ. ತಲೆ ಮುಟ್ಟಿಕೊಂಡು ಕೈ ಅಲ್ಲಾಡಿಸಿ ತೋರಿಸಿದೆ. ತಲೆನೋವು ಅಂದುಕೊಂಡು ಅವಳು ನೀರು ಕೊಟ್ಟಳು. ಬಾವುಟದ ನಂಬರು ತೋರಿಸಿದೆ, ಅವಳೇ ಫೋನ್ ಮಾಡಿದಳು, ಗೋಪುರದ ದಪ್ಪ ಗೋಡೆಯೊಳಗೆ ಫೋನ್ ಹತ್ತಲಿಲ್ಲ. ಆಮೇಲೆ ಪಾಸ್‌ಪೋರ್ಟ್ ಕೇಳಿದಳು. ಎರಡೂ ನನ್ನ ಕೈಚೀಲದಲ್ಲೇ ಇದ್ದವು. ಇವರದ್ದನ್ನು ಕೊಟ್ಟೆ. ಅವಳು ಫೋಟೋ ನೋಡಿ, ಹೆಸರಿನ ಮೇಲೆ ಬೆರಳಿಟ್ಟು, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ನನಗೆ ಜೀವ ಬಂದ ಹಾಗಾಯಿತು.

ಚೌಕದ ಕಂಬಗಳ ಮೇಲಿನ ಹಾರ್ನುಗಳು ಗೊರಗುಟ್ಟಿದವು. ಅವಳ ಭಾಷೆಯಲ್ಲಿ ಎರಡು ಮಾತು ಬಂತು, ಹಿಂದೆಯೇ ಮಿಸ್ಟರ್ ಅನ್ನುವುದು, ಆಮೇಲೆ ನನ್ನ ಮಾವನವರ ಹೆಸರು. ಓಣಿಗಳಲ್ಲೆಲ್ಲ ಅದು ಹೋಗಿ ಬಡಿದು ತಿರುಗಿ ಬಂತು. ಮೂರು ಸಲ ಕರೆದಳು. ಇಪ್ಪತ್ತಾರು ವರ್ಷದ ಹಿಂದೆ ನಮ್ಮ ನಡುಮನೆಯಲ್ಲಿ ಮಲಗಿಸಿದ್ದ ಮನುಷ್ಯನನ್ನು ಎಲ್ಲಿದ್ದರೂ ಬಾ ಅಂತ ಕರೆಯುತ್ತಿದ್ದಳು.

ನಾನು ಗಾಜು ತಟ್ಟಿದೆ. ಅದಲ್ಲ, ಅದು ಅವರಪ್ಪ, ಕೆಳಗಿನದು ನೋಡಿ ಅಂತ ಕನ್ನಡದಲ್ಲೇ ಕಿರುಚಿದೆ. ಬೆರಳಿಟ್ಟು ಇವರ ಹೆಸರು ತೋರಿಸಿದೆ. ಅವಳು ಸಮಾಧಾನದಿಂದ ನಕ್ಕು, ಸರ್‌ನೇಮ್ ಅನ್ನುವ ಕಡೆ ತಾನೂ ಬೆರಳಿಟ್ಟು, ತಾನು ಮಾಡಿದ್ದು ಸರಿ ಅಂತ ತಲೆಯಾಡಿಸಿದಳು. ಅಪರಿಚಿತ ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯುವುದು ಅವಳ ಪಾಲಿಗೆ ಅವಮಾನ ಇರಬೇಕು. ಮೈಕು ನನಗೆ ಕೊಡಿ, ಒಂದೇ ಮಾತು ಅಂತ ಕೈಮುಗಿದೆ. ಆಗುವುದಿಲ್ಲ ಅಂದಳು. ನಮ್ಮವರೂ ಹಾಗೇ ಅನ್ನುತ್ತಿದ್ದರಲ್ಲ, ಅವಳನ್ನು ಬೈಯಲು ನನಗೆ ಬಾಯಿ ಎಲ್ಲಿದೆ? ಕೊಟ್ಟಿದ್ದರೂ ನಾನು ಹೇಳುತ್ತಿದ್ದದ್ದು ‘ರೀ’ ಅನ್ನುವುದೊಂದೇ.

ನಾಲ್ಕೂವರೆಯ ಗಂಟೆ ಹೊಡೆಯಿತು. ಇನ್ನು ಅರ್ಧ ಗಂಟೆಗೆ ಎಲ್ಲರೂ ಕೆಳಗಿಳಿಯುತ್ತಾರೆ. ಗೊತ್ತಾದರೆ ಆಗಲಿ, ಮರ್ಯಾದೆ ಹೋದರೆ ಹೋಗಲಿ. ಆದರೆ ಅಷ್ಟರಲ್ಲಿ ಇವರು ಕೋಟೆಯ ಹೊರಗೆ ದೊಡ್ಡ ರಸ್ತೆಗೆ ಇಳಿದುಬಿಟ್ಟರೆ? ಇಲ್ಲಿ ವಾಹನಗಳೆಲ್ಲ ನಮ್ಮೂರಿಗೆ ಉಲ್ಟಾ ಕಡೆಯಿಂದ ಬರುತ್ತವೆ, ಇವರು ನೋಡುವುದು ಅಭ್ಯಾಸದ ಕಡೆಗೆ. ಯಾರಾದರೂ ನಿಲ್ಲಿಸಿ ಹೆಸರೇನು ಅಂತ ಕೇಳಿದರೆ ಇವರು ಏನು ಹೇಳುತ್ತಾರೆ? ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷಿಗೇ ಹೆಸರು ಸಿಕ್ಕಿರಲಿಲ್ಲ. ನಾನಿದ್ದೀನಲ್ಲ ಅಂದಿದ್ದೆ ಮಗಳಿಗೆ. ಇದ್ದೆನಲ್ಲ, ಗಾಜಿನ ಈಚೆ ಕೈಚೀಲ ಅಪ್ಪಿಕೊಂಡು ಗೂಟದ ಹಾಗೆ ನಿಂತಿದ್ದೆ.

ಕೈಚೀಲ ಅಂದಾಗಲೇ ಹೊಳೆಯಿತು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಯಾರದು? ಇವರದೇ ಅಲ್ಲವೇ. ತೆಗೆದು ಗಾಜಿನ ಕೆಳಗೆ ತಳ್ಳಿದೆ. ನಾನೂ ಲಾಸ್ಟ್ ಅಂದೆ. ಅವಳು ನನ್ನ ಫೋಟೋ ನೋಡಿದಳು, ಎದುರಿಗೆ ನಿಂತಿದ್ದ ನನ್ನನ್ನು ನೋಡಿದಳು. ಎದುರಿಗೇ ಇರುವವಳನ್ನು ಯಾಕೆ ಕರೆಯಬೇಕು ಅನ್ನುವ ಪ್ರಶ್ನೆ ಅವಳ ಹುಬ್ಬಿನಲ್ಲಿ ಕಾಣುತ್ತಿತ್ತು. ಪ್ಲೀಸ್ ಅಂತ ಹತ್ತು ಸಲ ಅಂದೆನೋ ಏನೋ. ಹುಚ್ಚಿಯನ್ನು ಸಮಾಧಾನ ಮಾಡುವವಳ ಹಾಗೆ ಅವಳು ಮೈಕು ಎಳೆದುಕೊಂಡು, ಮಿಸೆಸ್ ಅಂತ ಹೇಳಿ, ಇವರ ಹೆಸರು ಕರೆದಳು. ತಪ್ಪುತಪ್ಪಾಗಿ ಅಂದರೂ ಇವರದೇ ಹೆಸರು. ಎರಡು ಸಲ.

ಕಾದೆ. ಆರು ಓಣಿಗಳಿಂದಲೂ ಜನ ಬಂದರು, ಐಸ್‌ಕ್ರೀಮ್ ಹಿಡಿದವರು, ಮಕ್ಕಳನ್ನು ಹೊತ್ತವರು, ಸೂಟ್‌ಕೇಸು ಎಳೆಯುವವರು. ನಮ್ಮವರು ಬರಲಿಲ್ಲ.

ಬರುವುದಿಲ್ಲ ಅಂತ ಆಗ ತಿಳಿಯಿತು. ಕಳೆದುಹೋದವರು ನಿಂತಲ್ಲೇ ನಿಲ್ಲಬೇಕು ಅನ್ನುವುದು ಅವರದೇ ನಿಯಮ, ಅದು ಮರೆತಿರಲಾರದು. ಹಾಗಾದರೆ ಎಲ್ಲಿ ನಿಂತಿರುತ್ತಾರೆ? ಮೈಕು ಕೇಳಿಸಿದ ಮೇಲೆ ಇವರ ಕಾಲು ಹೋಗುವುದು ಒಂದೇ ಕಡೆಗೆ. ಕಂಬದ ಮೇಲಿನ ಹಾರ್ನು ನೋಡಿದೆ. ಅದರಾಚೆ ಇನ್ನೊಂದು, ಓಣಿಯ ತಿರುವಿನಲ್ಲಿ ಮತ್ತೊಂದು. ಇಳಿಜಾರಿನ ಓಣಿ ಹಿಡಿದು, ತಲೆ ಎತ್ತಿಕೊಂಡು, ಒಂದು ಹಾರ್ನಿನಿಂದ ಇನ್ನೊಂದು ಹಾರ್ನಿಗೆ ನಡೆದೆ. ಎರಡು ಸಲ ಎಡವಿದೆ. ಒಂದು ಚಪ್ಪಲಿಯ ಪಟ್ಟಿ ಕಿತ್ತುಹೋಯಿತು, ಅದನ್ನು ಕೈಯಲ್ಲಿ ಹಿಡಿದುಕೊಂಡೆ.

ಕೋಟೆಬಾಗಿಲ ಒಳಗಡೆ ಊರಿನ ಬಸ್ಸುಗಳು ನಿಲ್ಲುವ ಜಾಗ ಇತ್ತು. ಚಾವಣಿ, ಚಾವಣಿಯ ಕೆಳಗೆ ಉದ್ದನೆಯ ಬೆಂಚು, ಪಕ್ಕದ ಕಂಬದ ಮೇಲೆ ಕೊನೆಯ ಹಾರ್ನು. ಬೆಂಚಿನ ತುದಿಯಲ್ಲಿ ಇವರು ಕೂತಿದ್ದರು. ಕೈ ಎರಡೂ ತೊಡೆಯ ಮೇಲೆ, ಶರಟಿನ ಗುಂಡಿ ಕುತ್ತಿಗೆಯ ತನಕ ಹಾಕಿಕೊಂಡು, ಡ್ಯೂಟಿಗೆ ಹಾಜರಾದವರ ಹಾಗೆ.

“ರೀ” ಅಂದೆ.

ಇವರು ನನ್ನನ್ನು ನೋಡಿದರು, ಕೈಯಲ್ಲಿದ್ದ ಚಪ್ಪಲಿ ನೋಡಿದರು, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. “ಬನ್ನಿ, ಕೂತ್ಕೊಳ್ಳಿ” ಅಂದರು.

ನನ್ನ ಮೇಲೆ ಕೋಪ ಬಂದಾಗ ಇವರು ಬೇಕೆಂದೇ ನೀವು ತಾವು ಅನ್ನುತ್ತಾರೆ. ಒಬ್ಬರನ್ನೇ ಬಿಟ್ಟುಹೋದದ್ದಕ್ಕೆ ಸಿಟ್ಟು ಅಂದುಕೊಂಡೆ. ನನಗೂ ಸಿಟ್ಟು ಉಕ್ಕಿತು.

“ಆಟ ಆಡ್ತೀರಾ? ಊರೆಲ್ಲ ಹುಡುಕಿ ಹುಡುಕಿ ಸತ್ತೆ ನಾನು. ಎಲ್ಲೂ ಹೋಗ್ಬೇಡಿ ಅಂತ ಹೇಳಿರ್ಲಿಲ್ವಾ?”

ಇವರು ಗಾಬರಿಯಾಗಿ ಇನ್ನಷ್ಟು ಸರಿದರು. ಜಗಳಗಂಟಿ ಹೆಂಗಸೊಬ್ಬಳು ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಹೇಗೆ ನೋಡುತ್ತಾರೋ ಹಾಗೆ ನೋಡಿದರು. ಆ ನೋಟದಲ್ಲಿ ಆಟವಿರಲಿಲ್ಲ. ನನ್ನ ಸಿಟ್ಟು ಅಲ್ಲಿಗೇ ನಿಂತುಹೋಯಿತು. ಮಾಡಿಕೊಟ್ಟ ಜಾಗದಲ್ಲಿ ಮೆಲ್ಲಗೆ ಕೂತೆ.

ಅವರೇ ಮಾತು ತೆಗೆದರು. ಮೇಲಿನ ಹಾರ್ನು ತೋರಿಸಿದರು.

“ನಮ್ಮಪ್ಪನ್ನ ಕರೀತಿದ್ರು. ಮೂರು ಸಲ ಕರೆದ್ರು. ಅಪ್ಪಂಗೆ ಕಿವಿ ಸ್ವಲ್ಪ ಮಂದ, ಕೇಳಿಸಿರಲ್ಲ. ಆಮೇಲೆ ನನ್ನೂ ಕರೆದ್ರು. ಇಬ್ರೂ ಕಳೆದ್ಹೋಗಿದೀವಿ ಅಂತ ಕಾಣುತ್ತೆ. ಅಪ್ಪ ಬರೋವರೆಗೂ ನಾನು ಇಲ್ಲಿಂದ ಏಳೋ ಹಾಗಿಲ್ಲ.”

ಆ ಹೆಸರುಗಳನ್ನು ಕರೆಸಿದವಳು ನಾನೇ. ಹುಡುಕಲು ಹೋಗಿ, ಇಪ್ಪತ್ತಾರು ವರ್ಷದ ಹಿಂದೆ ಹೋದವರನ್ನು ಕರೆಸಿ ಇವರ ಪಕ್ಕದಲ್ಲಿ ಕೂರಿಸಿದ್ದೆ. ಮಾವ ಇಲ್ಲ ಅಂತ ಈಗ ಹೇಳಿದರೆ ಇವರಿಗೆ ಅದು ಈ ಹೊತ್ತಿನ ಸಾವು, ಈ ಬೆಂಚಿನ ಮೇಲೆ. ಹೇಳದಿದ್ದರೆ ಏಳುವುದಿಲ್ಲ. ಕೋಟನ್ನು ಅವರ ಬೆನ್ನಿಗೆ ಹೊದಿಸಿದೆ. ಥ್ಯಾಂಕ್ಸ್ ಅಂದರು. ನನಗೆ ಇವರು ಥ್ಯಾಂಕ್ಸ್ ಅಂದದ್ದು ಅದೇ ಮೊದಲು.

ಗೋಪುರದಲ್ಲಿ ಐದು ಗಂಟೆ ಹೊಡೆಯಿತು. ಇವರು ಒಂದೊಂದು ಹೊಡೆತಕ್ಕೂ ಕಿವಿಗೊಟ್ಟು, ಮುಗಿದ ಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಕನಿಕರ ಇತ್ತು.

“ನಿಮ್ಮನ್ನ ಯಾರೂ ಕರೀಲಿಲ್ವಾ?” ಅಂದರು.

ಇಲ್ಲ ಅಂತ ತಲೆಯಾಡಿಸಿದೆ.

“ಹಾಗೆ ಸುಮ್ನೆ ಕೂತ್ರೆ ಆಗಲ್ಲ. ಹೆಸರು ಹೇಳಿ, ನಾನು ಕರೀತೀನಿ.”

ಹೇಳಿದೆ. ನಲವತ್ತೊಂದು ವರ್ಷ ನನ್ನನ್ನು ಇವಳೇ, ಏ ಇವಳೇ ಅಂತ ಬಿಟ್ಟರೆ ಬೇರೆ ಏನೂ ಅಂದವರಲ್ಲ. ನನ್ನ ಹೆಸರನ್ನು ಕೇಳಿಸಿಕೊಂಡು, ಸರಿಯಾಗಿ ಹಿಡಿದುಕೊಳ್ಳಲು ಒಳಗೇ ಒಂದು ಸಲ ಅಂದುಕೊಂಡರು. ಎದ್ದು ನಿಂತರು. ಶರಟು ಎಳೆದು ಸರಿಮಾಡಿಕೊಂಡು, ಬಲಗೈಯನ್ನು ಬಾಯಿಯ ಹತ್ತಿರ ಮೈಕಿನ ಹಾಗೆ ಹಿಡಿದರು. ಎರಡು ವರ್ಷದಿಂದ ಕೇಳದೇ ಹೋಗಿದ್ದ ಕಂಚಿನ ಕಂಠ ಎಲ್ಲಿತ್ತೋ ಬಂತು. ಒಂದಕ್ಷರವೂ ನುಂಗದೆ, ಕೋಟೆಗೋಡೆಗೆ ಹೋಗಿ ಬಡಿಯುವ ಹಾಗೆ ನನ್ನ ಹೆಸರು ಕರೆದರು. ಎಲ್ಲಿದ್ದರೂ ವಿಚಾರಣಾ ಕೊಠಡಿಗೆ ಬರಬೇಕು, ನಿಮ್ಮವರು ಕಾಯುತ್ತಿದ್ದಾರೆ.

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಓಣಿಯ ಮೇಲ್ತುದಿಯಲ್ಲಿ ಹಳದಿ ಬಾವುಟ ಕಾಣಿಸಿತು, ನಮ್ಮನ್ನು ಹುಡುಕಿಕೊಂಡು ಇಳಿದು ಬರುತ್ತಿತ್ತು, ಹಿಂದೆ ಇಡೀ ಗುಂಪು. ನಾನು ಕೈ ಎತ್ತಲಿಲ್ಲ. ಇವರ ಅಂಗೈ ಹಿಡಿದುಕೊಂಡೆ.

“ಬಂದೆ. ರೀ, ಬಂದೆ ನಾನು.”

ಇವರು ನನ್ನ ಕಡೆ ನೋಡಲಿಲ್ಲ. ಕೈ ಬಿಡಿಸಿಕೊಳ್ಳಲೂ ಇಲ್ಲ. ಬರುವ ಜನರನ್ನೇ ಒಬ್ಬೊಬ್ಬರಾಗಿ ನೋಡುತ್ತಿದ್ದರು.

“ಬರ್ತಾರಮ್ಮ, ಗಾಬರಿಯಾಗ್ಬೇಡಿ” ಅಂದರು. “ಇಲ್ಲೇ ಇರಿ. ಇನ್ನೊಂದ್ಸಲ ಕರೀತೀನಿ.”